ಒಳಗೆ ಕೂತವನು

ಮಲಪ್ರಭೆಯ ದಂಡೆಯಲ್ಲಿ ಒಂದು ಸಣ್ಣ ಮಠ. ಅಲ್ಲಿನ ಗುರು ಅಡವಯ್ಯಜ್ಜ. ಮಠ ಸೇರುವ ಮುಂಚೆ ಅವರು ಊರೂರು ತಿರುಗಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದರು. ಕಾವಿ ಉಟ್ಟರೂ ಕೈಗೆ ಆ ಕೆಲಸ ಮರೆತಿರಲಿಲ್ಲ.

ಶಿಷ್ಯ ಈರಬಸಪ್ಪನಿಗೆ ಒಂದೇ ಸೇವೆ. ಸಂಗವ್ವನೆಂಬ ಮುದುಕಿ ಹಾಡುತ್ತಿದ್ದ ತತ್ವಪದಗಳನ್ನು ಕೇಳಿ ಮಠದ ಹಳೆಯ ಕಂಪ್ಯೂಟರಿನಲ್ಲಿ ಟೈಪ್ ಮಾಡುವುದು. ಕೊನೆಯ ಪದ ಹಾಡಿ ಮುಗಿಸಿದ ವಾರವೇ ಸಂಗವ್ವ ತೀರಿಕೊಂಡಳು. ಆಕೆಗೆ ಓದುಬರಹ ಬರುತ್ತಿರಲಿಲ್ಲ. ಆ ಕಂಪ್ಯೂಟರ್, ಪದಗಳನ್ನು ಉಳಿಸಿಟ್ಟ ಒಂದು ಫ್ಲಾಪಿ ಡಿಸ್ಕ್ ಬಿಟ್ಟರೆ ಆಕೆಯ ಪದಗಳು ಬೇರೆಲ್ಲೂ ಉಳಿದಿರಲಿಲ್ಲ.

ಒಂದು ಮಧ್ಯಾಹ್ನ ಯಾರೂ ಕೀಬೋರ್ಡ್ ಮುಟ್ಟದಿದ್ದಾಗ ಪರದೆಯ ಮೇಲೆ ಒಂದು ಚುಕ್ಕೆ ಹುಟ್ಟಿತು. ಮೆಲ್ಲಗೆ ನಡೆದು ಅಂಚಿಗೆ ತಾಗಿತು, ಹೊರಳಿತು, ಮತ್ತೆ ನಡೆಯಿತು. ಅದು ಹಾದುಹೋದ ಕಡೆ ಅಕ್ಷರ ಇರಲಿಲ್ಲ.

ಮರುದಿನ ಒಂದು ಪದದ ನಡುವಿನ ಸಾಲು ಮಾಯವಾಗಿತ್ತು, ಫ್ಲಾಪಿಯಲ್ಲೂ ಇರಲಿಲ್ಲ. ಈರಬಸಪ್ಪ ನೆನಪಿನಿಂದ ಅದನ್ನು ತುಂಬಿದ. ಆಮೇಲೆ ಇನ್ನೊಂದು ಹೋಯಿತು, ಅದನ್ನೂ ತುಂಬಿದ. ಸಂಗವ್ವನೇ ಬಂದು ತನ್ನದನ್ನು ತಾನು ಒಯ್ಯುತ್ತಿದ್ದಾಳೆ ಅನ್ನಿಸತೊಡಗಿತು. ಪರದೆಗೆ ವಿಭೂತಿ ಹಚ್ಚಿ ನೋಡಿದ. ಚುಕ್ಕೆ ವಿಭೂತಿಯ ಹಿಂದೆಯೂ ನಡೆಯಿತು. ಆಗ ಅವನಿಗೆ ನಿಜಕ್ಕೂ ಭಯವಾಯಿತು. ಗುರುವಿನ ಬಳಿ ಓಡಿದ.

ಅಜ್ಜ ನಗಲಿಲ್ಲ. ವೈರಸ್ ಇರಬೇಕು, ಅದನ್ನು ಹುಡುಕುವ ಪ್ರೋಗ್ರಾಂ ನಡೆಸು ಎಂದರು. ಈರಬಸಪ್ಪ ನಡೆಸಿ ಬಂದ.

"ಅಜ್ಜಾರ, ಏನೂ ಇಲ್ಲಂತ. ಎಲ್ಲಾ ಚೊಕ್ಕ ಐತಂತ."

"ಯಾರು ಅಂದ್ರು?"

"ಕಂಪ್ಯೂಟರು."

"ಕಳ್ಳ ಒಳಗ ಕುಂತು, ಬಾಗಲಾ ಬಡದವರಿಗೆ ಮನ್ಯಾಗ ಯಾರೂ ಇಲ್ಲ ಅಂದಂಗಾತು."

ಇಬ್ಬರೂ ಹೋಗಿ ನೋಡಿದರು. ವೈರಸ್ ಇಲ್ಲವೆಂಬ ಮಾತು ಪರದೆಯ ಮೇಲೆ ಇನ್ನೂ ಇತ್ತು. ಆ ಮಾತಿನ ಮೇಲೇ ಚುಕ್ಕೆ ನಡೆಯುತ್ತಿತ್ತು.

ಅಜ್ಜ ಡ್ರೈವಿನೊಳಗಿದ್ದ ಫ್ಲಾಪಿಯನ್ನು ತೋರಿಸಿ, ಇದು ಯಾಕೆ ಇಲ್ಲಿದೆ ಎಂದು ಕೇಳಿದರು.

ಆ ಮಠದಲ್ಲಿ ವ್ಯಾಸಪೀಠವನ್ನು ಬರಿದಾಗಿ ಬಿಡುವಂತಿಲ್ಲ. ಪಾರಾಯಣ ಮುಗಿದರೂ ಗ್ರಂಥ ಅದರ ಮೇಲೇ ಇರಬೇಕು. ಈರಬಸಪ್ಪ ಅದೇ ಭಕ್ತಿಯಿಂದ ಪದಗಳ ಫ್ಲಾಪಿಯನ್ನು ದಿನವೂ ಡ್ರೈವಿನಲ್ಲೇ ಬಿಟ್ಟು ಕಂಪ್ಯೂಟರ್ ಆರಿಸುತ್ತಿದ್ದ. ಕನ್ನಡದ ಹೊಸ ಫಾಂಟ್ ತರಲು ಪೇಟೆಯ ಅಂಗಡಿಗೆ ಒಯ್ದದ್ದೂ ಅದನ್ನೇ. ಭಕ್ತಿಗೇನು, ಅದು ಎಲ್ಲಿ ಬೇಕಾದರೂ ನುಗ್ಗುತ್ತದೆ.

"ಮುಂಜಾನೆ ಎದ್ದ ಕೂಡಲೇ ಕಂಪ್ಯೂಟರು ಎಲ್ಲಕ್ಕಿಂತ ಮೊದಲ ಬಾಯಾಗಿದ್ದ ಫ್ಲಾಪಿ ಓದತೈತಿ," ಎಂದರು ಅಜ್ಜ. "ಪ್ಯಾಟಿ ಅಂಗಡ್ಯಾಗ ಹತ್ತಿದ ವೈರಸ್ ಅದರ ಮೊದಲನೇ ಜಾಗಾದಾಗ ಕುಂತಿತ್ತು. ಕಂಪ್ಯೂಟರು ಕಣ್ಣು ಬಿಡೂದ್ರಾಗ ಅದು ಎದ್ದು ಕುಂತಿರತಿತ್ತು."

ಈರಬಸಪ್ಪ ಮೂರು ಕೀ ಒಟ್ಟಿಗೆ ಒತ್ತಿ ರೀಸ್ಟಾರ್ಟ್ ಮಾಡಲು ಹೋದ. ಅಜ್ಜ ಅವನ ಕೈ ಹಿಡಿದರು.

"ಅದು ಬರೇ ಮಗ್ಗಲಾ ಬದಲಿಸಿದಂಗ, ಕಳ್ಳ ಒಳಗ ಇರ್ತಾನ."

ಹಾಗೆಂದು ಗೋಡೆಯ ಪ್ಲಗ್ಗನ್ನೇ ಕಿತ್ತರು. ಪರದೆ ಕಪ್ಪಾದ ಮೇಲೂ ಚುಕ್ಕೆ ಒಂದು ಗಳಿಗೆ ನಡುವೆ ನಿಂತಿತ್ತು. ಆಮೇಲೆ ಆರಿತು.

ಅಜ್ಜ ತಮ್ಮ ಹಳೆಯ ರಿಪೇರಿ ಪೆಟ್ಟಿಗೆಯಿಂದ ಬೇರೊಂದು ಫ್ಲಾಪಿ ತಂದರು. ಅದು ಈ ಕಂಪ್ಯೂಟರನ್ನು ಎಂದೂ ಸೋಕಿರಲಿಲ್ಲ. ಅದರ ಮೂಲೆಯ ಗುಂಡಿ ಸರಿಸಿದ್ದರಿಂದ ಅದನ್ನು ಓದಬಹುದಿತ್ತು, ಅದರ ಮೇಲೆ ಬರೆಯಲಾಗುತ್ತಿರಲಿಲ್ಲ. ಅದರಿಂದಲೇ ಕಂಪ್ಯೂಟರನ್ನು ಎಬ್ಬಿಸಿ ಹುಡುಕಿಸಿದಾಗ ವೈರಸ್ ಸಿಕ್ಕಿತು. ಹಾರ್ಡ್ ಡಿಸ್ಕಿನಿಂದ ತೆಗೆದರು, ಪದಗಳ ಫ್ಲಾಪಿಯಿಂದಲೂ ತೆಗೆದರು. ಇನ್ನು ಮೇಲೆ ಎದ್ದ ಕೂಡಲೇ ತನ್ನ ಡಿಸ್ಕನ್ನೇ ಮೊದಲು ಓದುವಂತೆ ಸೆಟ್ಟಿಂಗ್ ಬದಲಿಸಿದರು. ಆರಿಸುವಾಗ ಡ್ರೈವ್ ಬರಿದಿರಲಿ, ಅದು ವ್ಯಾಸಪೀಠವಲ್ಲ ಎಂದು ಶಿಷ್ಯನಿಗೂ ಹೇಳಿದರು.

ಚುಕ್ಕೆ ಮತ್ತೆ ಬರಲಿಲ್ಲ. ಪದಗಳು ಉಳಿದಿದ್ದವು. ಈರಬಸಪ್ಪನಿಗೆ ಅಳುವೇ ಬಂತು. ಕಣ್ಣೊರೆಸಿಕೊಂಡು ಮೊದಲಿನಿಂದ ಒಂದೊಂದಾಗಿ ಹಾಡತೊಡಗಿದ. ಎಲ್ಲೂ ತಡೆಯಲಿಲ್ಲ, ಎಲ್ಲೂ ಎಡವಲಿಲ್ಲ.

ನಾಲ್ಕಾರು ಪದ ಹಾಡಿದ ಮೇಲೆ ಅವನ ದನಿ ನಿಂತಿತು. ಹಿಂದಕ್ಕೆ ಹೋಗಿ ಓದಿದ, ಮತ್ತೆ ಓದಿದ.

"ಅಜ್ಜಾರ, ನಾ ತುಂಬಿದ ಸಾಲು ಯಾವು ಅಂತ ನನಗ ತಿಳಿಯವಲ್ತು. ಎಲ್ಲಾ ಸಂಗವ್ವನ್ವ ಅನ್ನಿಸ್ತಾವು."

ತಪ್ಪು ಸಾಲೊಂದು ಉಳಿದರೆ ಮುಂದಿನವರೆಲ್ಲ ಅದನ್ನೇ ಸಂಗವ್ವನದೆಂದು ಹಾಡುತ್ತಾರೆ, ಆಕೆಯ ಮಾತು ಎಂದಿಗೂ ತಿರುಗಿ ಬರುವುದಿಲ್ಲ ಎಂದು ಈರಬಸಪ್ಪ ಒದ್ದಾಡಿದ. ಮನಸ್ಸು ಗಟ್ಟಿ ಮಾಡಿ ಕೂತು ನೆನೆಸಿಕೊಳ್ಳುತ್ತೇನೆ, ನನ್ನದು ಯಾವುದೆಂದು ನಾನೇ ಹುಡುಕುತ್ತೇನೆ ಎಂದ.

ಅಜ್ಜ ತಲೆಯಾಡಿಸಿ, ಬೇಡ, ಒಳಗೆ ಕೂತವನನ್ನೇ ಕೇಳಿದರೆ ಯಾರೂ ಇಲ್ಲವೆಂದೇ ಅಂದಾನು ಎಂದರು.

"ನೀಲವ್ವ ಅದಾಳಲ್ಲ, ವರ್ಷಾನುಗಟ್ಟಲೆ ಸಂಗವ್ವನ ಹಿಂದ ಕುಂತು ತಾಳ ಹಾಕಿದಾಕಿ. ಆಕೀಗೆ ಒಂದು ಪದಾನೂ ಹಾಡಾಕ ಬರೂದಿಲ್ಲ, ನಿನ್ನಂಗ ತುಂಬಾಕೂ ಬರೂದಿಲ್ಲ, ಕೈಗಷ್ಟ ಗೊತ್ತು. ಆಕೀ ಮುಂದ ಹೋಗಿ ಎಲ್ಲಾ ಹಾಡು. ಎಲ್ಲಿ ಆಕೀ ತಾಳ ನಿಂದರತೈತೋ, ಅಲ್ಲಿ ನೀ ಕುಂತಿರ್ತಿ."