ಕರಟಕ್ಕೆ ಹಾಕಿದ ಓಟು

ನನ್ನಾಕೆ ತೀರಿಹೋದ ಮೇಲೆ ಹಿತ್ತಲಿನ ಕೋಳಿಗಳಿಗೆ ಕಾವಲು ಇಲ್ಲದಾಯಿತು. ಬೆಕ್ಕು ಬಂದರೆ ಕೂಗಿ ಹೇಳಲು ಅವು ತಮ್ಮಲ್ಲೇ ಒಬ್ಬರನ್ನು ಆರಿಸಲು ಕೂತವು. ಕೆಂಚಿ ಅನ್ನೋ ಹೇಂಟೆಗೆ ಒಂದು ಕರಟ, ಹುಂಜನಿಗೆ ಒಂದು ಕರಟ. ಓಟು ಅಂದರೆ ಒಂದು ಜೋಳದ ಕಾಳು. ಬಾತುಕೋಳಿ ಎಲ್ಲರೆದುರೇ ಎಣಿಸಿತು. ಕೆಂಚಿಗೆ ಹನ್ನೆರಡು, ಹುಂಜನಿಗೆ ಏಳು.

"ಮೋಸ!" ಅಂದ ಹುಂಜ.

"ಮೋಸವಂತೆ! ಮೋಸವಂತೆ!" ಗೋಡೆ ಮೇಲಿನ ಕಾಗೆ ಊರಿಗೆಲ್ಲ ಕೇಳುವಂತೆ ಸಾರಿತು.

"ನೀನು ಕಂಡೆಯಾ?" ಬಾತು ಕೇಳಿತು.

"ಇಲ್ಲಕ್ಕ. ಅವನು ಅಂದ, ನಾನು ಸಾರಿದೆ. ನನ್ನ ಕಸುಬೇ ಅದು."

"ಹಾಗಾದರೆ ನೀನೇ ಎಣಿಸಪ್ಪ," ಅಂತ ಬಾತು ಕೆಂಚಿಯ ಕರಟವನ್ನು ಹುಂಜನ ಮುಂದಿಟ್ಟಿತು. ಹುಂಜ ಒಂದು ಕಾಳು ಎಣಿಸಿದ, ಒಂದು ನುಂಗಿದ.

"ಆರೇ ಇವೆ!" ಅಂದ. ಮತ್ತೆ ಎಣಿಸಿದ. ಮೂರು. ಮತ್ತೊಮ್ಮೆ ಎಣಿಸುವಾಗ ಕರಟ ಖಾಲಿ.

"ಎಣಿಸಿದಷ್ಟು ಸಲ ಬೇರೆ ಲೆಕ್ಕ!" ಕಾಗೆ ಕುಣಿಯಿತು.

"ಅವನು ತಿಂದದ್ದು ಕಂಡೆಯಲ್ಲೋ, ಅದನ್ನೂ ಸಾರು," ಅಂದಿತು ಬಾತು.

"ಅದಕ್ಕೆ ಯಾರು ಕಿವಿ ಕೊಡ್ತಾರಕ್ಕ?"

ಅಷ್ಟರಲ್ಲಿ ಬೇಲಿ ಸಂದಿಯಿಂದ ಬೆಕ್ಕು ನುಗ್ಗಿತು. ಕೂಗುವ ಅಧಿಕಾರ ಇನ್ನೂ ಯಾರಿಗೂ ಸಿಕ್ಕಿರಲಿಲ್ಲ. ಆದರೂ ಕೆಂಚಿ ಕೂಗಿದಳು. ಬಾತು ತೊಟ್ಟಿಗೆ ಧುಮುಕಿತು, ಕೋಳಿಗಳೆಲ್ಲ ನುಗ್ಗೆಮರಕ್ಕೆ ಹಾರಿದವು. ಹುಂಜನೂ ಹಾರಿದ. ಹೊಟ್ಟೆಯಲ್ಲಿ ಹನ್ನೆರಡು ಓಟು ಭಾರ. ಅವನು ಕೊಂಬೆ ಸೇರಿದ, ಬಾಲ ಬೆಕ್ಕಿನ ಬಾಯಲ್ಲಿ ಉಳಿಯಿತು.

"ಹುಂಜಣ್ಣ, ಬಾಲ ಎಲ್ಲಿ?" ಕಾಗೆ ಕೇಳಿತು.

ಹುಂಜ ಹಿಂದೆ ತಿರುಗಿ ನೋಡಿಕೊಂಡ.

"ಅದರಲ್ಲೂ ಮೋಸ," ಅಂದ.

ಕಾಗೆ ಊರ ಕಡೆ ಹಾರಿತು.