ಐಸು, ಬಿಸಿನೀರು, ಮತ್ತೆ ಐಸು

ನಗೋರು ನಗ್ರಪ್ಪ, ನನಗಂತೂ ಈ ಕತೆ ಹೇಳೋವಾಗ ಮೈ ಉರೀತದೆ.

ಒಂದೂರು, ಊರಿಗೊಂದು ಹೈಸ್ಕೂಲು. ಅಲ್ಲಿ ಬಿಸಿಯೂಟ ಮಾಡೋಳು ಚಿಕ್ಕತಾಯಮ್ಮ. ಅವಳಿಗೊಬ್ಬನೇ ಮಗ, ಜವರಾಯಿ. ವಯಸ್ಸು ಮೂವತ್ತು, ಬುದ್ಧಿ ಮೂರು. ಅದೇ ಸ್ಕೂಲಿನ ಲ್ಯಾಬಿನಲ್ಲಿ ಅಟೆಂಡರ್. ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಾನೆ, ಒಂದು ಕೂದಲೆಳೆ ಆಚೀಚೆ ಇಲ್ಲ. "ನಿನ್ನ ಹೆತ್ತ ಹೊಟ್ಟೆಗೆ ಬೆಂಕಿ ಹಾಕ!" ಅಂತ ಅವ್ವ ದಿನಾ ಹಣೆ ಚಚ್ಚಿಕೊಳ್ತಿದ್ದಳು.

ಲ್ಯಾಬು ಜೀವಶಾಸ್ತ್ರದ ವಾರಿಜಾ ಮೇಡಮ್ಮಂದು. ಮೂರು ವರ್ಷ ಹೊಡೆದಾಡಿ ಆ ಕೋಣೆ ಗಿಟ್ಟಿಸಿಕೊಂಡಿದ್ದರು. ಈಗ ಇಲಾಖೆ ಸಾಹೇಬ್ರು ಅದನ್ನ ಕಿತ್ಕೊಂಡು ಅಕ್ಕಿ ಮೂಟೆ ಇಡಿಸ್ತೀನಿ ಅಂತ ಕೂತಿದ್ದರು. "ಲ್ಯಾಬಲ್ಲಿ ಏನು ಕಿಸೀತೀರಿ, ಬಂದು ನೋಡ್ತೀನಿ" ಅಂತ ಹದಿನೈದು ದಿನದ ಗಡುವು ಬೇರೆ.

ಮೇಡಮ್ಮು ಹತ್ತನೇ ಕ್ಲಾಸಿನ ಮಕ್ಕಳಿಗೆ ಹೇಳಿದರು: "ಕೆಲವರ ಮೈಯಲ್ಲಿ ಹುಟ್ಟಿನಿಂದಲೇ ಒಂದು ಜೀನು ಕೆಟ್ಟಿರುತ್ತೆ. ಸರಿಯಾದ ಜೀನನ್ನ ಒಳಗೆ ಸೇರಿಸೋದೇ ಜೀನ್ ಚಿಕಿತ್ಸೆ. ಯಾವುದಕ್ಕೆ ಏನು ಕಮ್ಮಿಯೋ ಅದನ್ನ ಹಾಕೋದು. ಮನುಷ್ಯರಿಗೆ ಡಾಕ್ಟ್ರು ಮಾಡೋ ದಾರಿ ಬೇರೆ. ನಾವು ಬ್ಯಾಕ್ಟೀರಿಯಾಕ್ಕೆ, ನೀಲಿ ಬೆಳಕು ಬಿಟ್ಟರೆ ಹಸಿರಾಗಿ ಹೊಳೆಯೋ ಜೀನು ಹಾಕಿ ನೋಡೋಣ. ಐಸಲ್ಲಿಡಿ, ಕೈ ತಾಳುವಷ್ಟು ಬಿಸಿನೀರಲ್ಲಿಡಿ, ಐವತ್ತು ಎಣಿಸಿ, ಮತ್ತೆ ಐಸಲ್ಲಿಡಿ. ಲಕ್ಷದಲ್ಲಿ ಒಂದಕ್ಕೆ ಹತ್ತುತ್ತೆ. ಹತ್ತಲಿಲ್ಲ ಅಂತ ಬಿಡಬಾರದು, ಮತ್ತೆ ಮಾಡಬೇಕು."

ಕಸ ಗುಡಿಸ್ತಿದ್ದ ಜವರಾಯಿ ಎಲ್ಲಾ ಕೇಳಿಸಿಕೊಂಡ.

"ಜವರಾಯಿ, ತಾಲ್ಲೂಕಿನ ಕಾಲೇಜಿಂದ ಬ್ಯಾಕ್ಟೀರಿಯಾ ಕೊಳವೆ ತಗೊಂಡು ಬಾ. ಎದೆಗೆ ಅವಚಿಕೊಂಡು ತಾ, ಜೋಪಾನ!"

ಅವಚಿಕೊಂಡೇ ತಂದ. ಅಂಗಿಯೊಳಗೆ, ಬರಿ ಎದೆಗೆ, ಸುಡು ಬಿಸಿಲಲ್ಲಿ ಹನ್ನೆರಡು ಮೈಲಿ ಸೈಕಲ್ಲು! ಎಲ್ಲಾ ಕೆಟ್ಟುಹೋಯ್ತು.

"ಅಯ್ಯೋ ಮಂಕೇ! ಐಸಲ್ಲಿ ಹೂತು ತರಬೇಕಿತ್ತು ಕಣಯ್ಯ!"

"ಆಗ್ಲಿ ಮೇಡಂ, ಇನ್ಮೇಲೆ ಹಂಗೇ ಮಾಡ್ತೀನಿ!"

ಎರಡನೇ ಸಲ ಮೇಡಮ್ಮೇ ಹೋಗಿ ತಂದರು. ಮಕ್ಕಳು ಐಸು, ಬಿಸಿನೀರು, ಐಸು ಎಲ್ಲಾ ಮಾಡಿ, ಬ್ಯಾಕ್ಟೀರಿಯಾ ಬೆಳೆಸೋ ಪ್ಲೇಟಿಗೆ ಸವರಿ ಕೊಟ್ಟರು. "ಬೆಳಗಿನವರೆಗೂ ಜೋಪಾನವಾಗಿ ಇಡು" ಅಂತ ಮೇಡಮ್ಮು ಜವರಾಯಿಗೆ ಅಂದರು. ಇಟ್ಟ! ಮೀನಂಗಡಿಯಿಂದ ಒಂದು ಮೂಟೆ ಐಸು ಹೊತ್ತು ತಂದು ಪ್ಲೇಟನ್ನೆಲ್ಲಾ ಹೂತಿಟ್ಟ. ಬೆಳಿಗ್ಗೆ ನೋಡಿದರೆ ಪ್ಲೇಟು ಬೋಳು, ಲ್ಯಾಬೆಲ್ಲಾ ಮೀನು ನಾತ.

"ಇದನ್ನ ಬೋರಲು ಹಾಕಿ, ಮೈಬಿಸಿಯಷ್ಟು ಬೆಚ್ಚಗೆ ಇಡಬೇಕಿತ್ತೋ!" ಮೇಡಮ್ಮು ಮೂಗು ಮುಚ್ಚಿಕೊಂಡೇ ಕೂಗಿದರು.

"ಆಗ್ಲಿ ಮೇಡಂ, ಇನ್ಮೇಲೆ ಹಂಗೇ ಮಾಡ್ತೀನಿ!"

ಮಧ್ಯಾಹ್ನ ಅವ್ವ ಕರೆದಳು. "ಲೋ, ಈ ಸಾಂಬಾರು ಪಾತ್ರೆ ಜಗಲಿ ಮೇಲಿಡೋ." ಹೊತ್ತುಕೊಂಡು ಹೋದ. ಬೋರಲು ಹಾಕಿದ. ಮೇಲೊಂದು ಕಂಬಳಿ ಹೊದೆಸಿದ! ನೂರಾ ನಲವತ್ತು ಮಕ್ಕಳ ಸಾಂಬಾರು ಮೆಟ್ಟಿಲಿಳಿದು ಅಂಗಳಕ್ಕೆ ಹರೀತು. ಚಿಕ್ಕತಾಯಮ್ಮ ಸೌಟು ತಗೊಂಡು ಮೂರು ಸುತ್ತು ಅಟ್ಟಾಡಿಸಿದಳು.

"ಹಾಳಾಗಿ ಹೋಗ! ಯಾವುದಕ್ಕೆ ಏನು ಕಮ್ಮಿ ಅಂತ ಮೊದಲು ನೋಡೋ! ಆಮೇಲೆ ಕೈ ಹಾಕೋ!"

"ಆಗ್ಲಿ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ!"

ಮೂರನೇ ಸಲ ಮೇಡಮ್ಮು ಅವನನ್ನ ಹತ್ತಿರಕ್ಕೇ ಬಿಟ್ಟುಕೊಳ್ಳಲಿಲ್ಲ. ಬೆಳಿಗ್ಗೆ ನೀಲಿ ಟಾರ್ಚು ಬಿಟ್ಟರೆ ಪ್ಲೇಟಿನ ಮೇಲೆ ಹನ್ನೊಂದು ಹಸಿರು ಚುಕ್ಕೆ, ಥಳಥಳ! ಮಕ್ಕಳು ಕಿರುಚಿದ್ದಕ್ಕೆ ಹೆಂಚು ಹಾರಬೇಕಿತ್ತು.

ಅವತ್ತೇ ಸಾಹೇಬ್ರು ಬಂದರು. ಮಕ್ಕಳು ಪ್ಲೇಟು ಹಿಡಿದು "ಸಾರ್, ನೋಡಿ ಸಾರ್" ಅಂತ ನಿಂತಿದ್ದರೆ, ಆ ಮನುಷ್ಯ ತಲೆ ಎತ್ತಿ ಚಾವಣಿ ನೋಡ್ತಾನೆ! "ಸೋರಲ್ಲ ತಾನೇ? ಎಪ್ಪತ್ತು ಮೂಟೆ ಹಿಡಿಯುತ್ತೆ. ನಾಳೆಯೇ ಖಾಲಿ ಮಾಡಿ." ಕೋಣನ ಮುಂದೆ ಕಿನ್ನರಿ ಬಾರಿಸಿದಂಗಾಯ್ತು. ನನ್ನ ಸಿಟ್ಟು ಇರೋದು ಜವರಾಯಿ ಮೇಲಲ್ಲ ಕಣ್ರಪ್ಪ, ಇವನ ಮೇಲೆ.

ಮೇಡಮ್ಮಿಗೆ ತಡೆಯೋಕಾಗಲಿಲ್ಲ. "ಇವರಿಗೆ ಬುದ್ಧೀನೇ ಕಮ್ಮಿ!" ಅಂದುಬಿಟ್ಟರು.

ಕಮ್ಮಿ! ಜವರಾಯಿ ಕಿವಿ ನೆಟ್ಟಗಾಯ್ತು.

ದಬಕ್ ಅಂತ ಐಸು ನೀರಿನ ಬಕೆಟ್ಟು ಸಾಹೇಬ್ರ ತಲೆ ಮೇಲೆ! ಓಡಿಹೋಗಿ ಅವ್ವನ ಹಂಡೆಯಿಂದ ಬಿಸಿನೀರು ತಂದ, ಕೈ ತಾಳುತ್ತಾ ಅಂತ ಮುಟ್ಟಿ ನೋಡಿದ, ಸುರಿದ. ರಟ್ಟೆ ಹಿಡಿದು ನಿಲ್ಲಿಸಿಕೊಂಡು ಒಂದರಿಂದ ಐವತ್ತು ಎಣಿಸಿದ. ಮತ್ತೆ ಐಸು! ಆಮೇಲೆ ಬೋರಲು ಕೆಡವಿ ಕಂಬಳಿ ಹೊದೆಸಿದ.

"ಬೆಳಗಿನವರೆಗೂ ಹಿಂಗೇ ಇರಿ ಸಾಹೇಬ್ರೇ!"

ಇರ್ತಾರೆಯೇ? ಬೊಬ್ಬೆ ಹೊಡೀತಾ ಎದ್ದು ಜೀಪು ಹತ್ತಿದರು. ಜವರಾಯಿಯ ಕೆಲಸ ಹೋಯ್ತು. ಮಾರನೇ ದಿನ ಲಾರಿಯೂ ಬಂತು, ಲ್ಯಾಬಿನೊಳಗೆ ಅಕ್ಕಿ ಮೂಟೆ ಬಿತ್ತು. ಮೇಡಮ್ಮು ಹನ್ನೊಂದು ಚುಕ್ಕೆಯ ಪ್ಲೇಟು ಹಿಡಿದು ಅಂಗಳದಲ್ಲಿ ನಿಂತಿದ್ದರು. ಚಿಕ್ಕತಾಯಮ್ಮ ಅದನ್ನ ನೋಡ್ತಾ ಒಲೆ ಮುಂದೆ ಕೂತಿದ್ದಳು.

ಆಗ ಬಂದ ಜವರಾಯಿ, ಕೈಯಲ್ಲಿ ನೀಲಿ ಟಾರ್ಚು.

"ಸಾಹೇಬ್ರ ಆಫೀಸಿಗೆ ಹೋಗಿದ್ದೆ ಕಣವ್ವ. ಮುಖಕ್ಕೆ ಬಿಟ್ಟು ನೋಡ್ದೆ. ಒಂದು ಚುಕ್ಕೇನೂ ಹೊಳೀಲಿಲ್ಲ. ಹತ್ತಿಲ್ಲ!"

ಅವ್ವ ಬೈತಾಳೆ ಅಂತ ತಲೆ ತಗ್ಗಿಸಿ ನಿಂತ. ಅವಳು ಬೈಯಲಿಲ್ಲ. ಎದ್ದು ಸೆರಗು ಸಿಕ್ಕಿಸಿದಳು, ಒಲೆಗೆ ಎರಡು ಸೌದೆ ತುರುಕಿದಳು, ದೊಡ್ಡ ಹಂಡೆ ಎತ್ತಿಟ್ಟಳು.

"ಹತ್ತಲಿಲ್ಲ ಅಂತ ಬಿಡ್ತಾರೇನೋ? ನಾನು ನೀರು ಕಾಯಿಸ್ತೀನಿ. ನೀನು ಹೋಗು, ಐಸು ತಾ."