ಏಳನೆಯ ಗುಳಿ

ಹೊತ್ತು, ಬೆಳಗಿನ ಏಳು ಗಂಟೆ. ಹವೆ, ತಿಳಿ ಬಿಸಿಲು, ಸ್ವಲ್ಪ ಚಳಿ, ಗಾಳಿ ಇಲ್ಲ. ಪಾಠಶಾಲೆಯ ಜಗುಲಿಯಲ್ಲಿ ಇದ್ದವರು ಮೂವರು. ಒಬ್ಬರು ಗುರುಗಳಾದ ಚೆನ್ನಮಲ್ಲಯ್ಯನವರು. ಇನ್ನೊಬ್ಬಳು ಹಿಂದೆ ಅವರಲ್ಲಿ ಒಂಬತ್ತು ವರ್ಷ ಓದಿದ ಮಧುಮತಿ. ಮೂರನೆಯವನು ಅವಳ ತಮ್ಮ ರೇವಣ. ಅವನೂ ಅಲ್ಲಿಯೇ ಓದಿದವನು. ಆದರೆ ಅಷ್ಟು ವರ್ಷ ನಿಲ್ಲಲಿಲ್ಲ.

ಮಧುಮತಿ ನಮಸ್ಕರಿಸಿ ಕೇಳಿದಳು: “ಗುರುಗಳೇ, ಆಟವೊಂದನ್ನು ಮಾಡಿದವಳು ಅದರ ಕಷ್ಟವನ್ನು ಎಷ್ಟರ ಮಟ್ಟಿಗೆ ಸಡಿಲಿಸಬಹುದು?”

“ಮೊದಲು ನೀರು ಕುಡಿ. ಬೆನ್ನು ನೆಟ್ಟಗಿರಲಿ. ಆಮೇಲೆ ಪ್ರಶ್ನೆಯನ್ನು ಪೂರ್ತಿ ಹೇಳು. ಅರ್ಧ ಪ್ರಶ್ನೆಗೆ ನಾನು ಎಂದೂ ಉತ್ತರ ಕೊಟ್ಟವನಲ್ಲ.”

ಗುರುಗಳು ಬೆಲ್ಲದ ತಟ್ಟೆಯನ್ನು ಅವಳ ಕಡೆಗೆ ಸರಿಸಿದರು. ರೇವಣ ಕೈ ಚಾಚಿದ. ತಟ್ಟೆ ಅವನ ಕಡೆಗೂ ಸರಿಯಿತು, ಸ್ವಲ್ಪ ತಡವಾಗಿ.

ಮಧುಮತಿ ನೀರು ಕುಡಿದು, ನೆಟ್ಟಗೆ ಕುಳಿತು, ಪೂರ್ತಿ ಹೇಳಿದಳು. ಇಬ್ಬರು ಜೊತೆಗಾರರೊಡನೆ ನಾಲ್ಕು ವರ್ಷ ದುಡಿದು ಅವಳು ಒಂದು ವಿಡಿಯೋ ಗೇಮ್ ಮಾಡಿದ್ದಳು. ದೋಣಿ ನಡೆಸುವ ಹೆಂಗಸೊಬ್ಬಳು ಐದು ಹೊಳೆಗಳನ್ನು ದಾಟುವ ಆಟ ಅದು. ನಾಲ್ಕನೆಯ ಹೊಳೆ ಕಠಿಣ. ನೀರಿನ ಸೆಳೆತವನ್ನು ತಾಳ್ಮೆಯಿಂದ ನೋಡಿ ಕಲಿಯದವರ ದೋಣಿ ಅಲ್ಲಿ ಮಗುಚುತ್ತಿತ್ತು. ತಿಂಗಳ ಚಂದಾ ಪಡೆದು ನೂರಾರು ಆಟಗಳನ್ನು ಆಡಲು ಬಿಡುವ ಕಂಪನಿಯೊಂದು ಈ ಆಟವನ್ನು ಕೇಳಿತ್ತು. ಕೆಲವು ಚಂದಾದಾರರಿಗೆ ಅದನ್ನು ಕೊಟ್ಟು ನೋಡಿತ್ತು. ನಾಲ್ಕನೆಯ ಹೊಳೆಯಲ್ಲಿ ಆಟ ಬಿಟ್ಟು ಹೋದವರ ಪಟ್ಟಿಯನ್ನು ಅವಳಿಗೆ ಕಳುಹಿಸಿತ್ತು. ಪಟ್ಟಿ ಉದ್ದವಾಗಿತ್ತು.

“ಹೊಳೆಯನ್ನು ಸುಲಭ ಮಾಡಿದರೆ ಆಟವನ್ನು ಮೊದಲ ಪುಟದಲ್ಲಿ ತೋರಿಸುತ್ತಾರೆ. ನಾವು ಮೂವರೂ ಎರಡು ವರ್ಷ ನೆಮ್ಮದಿಯಾಗಿ ಕೆಲಸ ಮಾಡುವಷ್ಟು ಹಣ ಕೊಡುತ್ತಾರೆ. ಮಾಡದಿದ್ದರೆ ಕೊನೆಯ ಸಾಲು, ಅರ್ಧ ಹಣ. ಅರ್ಧ ಹಣದಲ್ಲಿ ಮೂವರು ಒಟ್ಟಿಗಿರಲು ಆಗುವುದಿಲ್ಲ. ಒಬ್ಬರನ್ನು ನಾನೇ ಕಳುಹಿಸಬೇಕಾಗುತ್ತದೆ. ಮಧ್ಯಾಹ್ನದೊಳಗೆ ಉತ್ತರ ಕೊಡಬೇಕು.”

“ಮಾಡಿಬಿಡು ಅಕ್ಕ,” ಎಂದ ರೇವಣ. “ನಾನೂ ಅದೇ ಕಂಪನಿಯ ಚಂದಾದಾರ. ಕಷ್ಟವಾದರೆ ಯಾರು ಕೂರುತ್ತಾರೆ? ಈ ತಿಂಗಳೊಂದರಲ್ಲೇ ನಾನು ಇಪ್ಪತ್ತಾರು ಆಟ ಆಡಿದೆ.”

“ಮುಗಿಸಿದ್ದು ಎಷ್ಟು?” ಎಂದು ಗುರುಗಳು ಕೇಳಿದರು.

“ಮುಗಿಸುವ ಅಗತ್ಯವೇನು ಗುರುಗಳೇ? ಚಂದಾ ಕಟ್ಟಿದ್ದೇನಲ್ಲ.”

“ಹಾಗಾದರೆ ನೀನು ಆಡಲಿಲ್ಲ. ಇಪ್ಪತ್ತಾರು ಮನೆಗಳ ಬಾಗಿಲು ತಟ್ಟಿ ಓಡಿಹೋದೆ. ಮೂರನೆಯ ತರಗತಿಯಲ್ಲೂ ನಿನಗೆ ಇದೇ ಚಾಳಿ.”

ಮಧುಮತಿ ನಕ್ಕಳು.

“ನಗಬೇಡ. ನಿನ್ನ ಪ್ರಶ್ನೆ ಹುಟ್ಟಿದ್ದು ಇವನ ಚಾಳಿಯಿಂದಲೇ. ಇಬ್ಬರೂ ಕೇಳಿ. ನಡುವೆ ಮಾತಾಡಬೇಡಿ.”

ಗುರುಗಳು ಹೇಳಿದ ಕತೆ ಇದು.

ಒಬ್ಬ ಬಡಗಿ ಇದ್ದ. ಆಟದ ಮಣೆ ಕೆತ್ತುವುದು ಅವನ ಕಸುಬು. ಎಷ್ಟೋ ವರ್ಷ ಯೋಚಿಸಿ ಅವನು ಹಲಸಿನ ಮರದ ಒಂದು ಹೊಸ ಮಣೆ ಮಾಡಿದ. ಅದರಲ್ಲಿ ಹನ್ನೆರಡು ಗುಳಿಗಳಿದ್ದವು. ಒಬ್ಬರೇ ಕುಳಿತು ಹುಣಸೆ ಬೀಜಗಳನ್ನು ಗುಳಿಯಿಂದ ಗುಳಿಗೆ ಹಂಚುತ್ತ ಕೊನೆಯ ಗುಳಿಗೆ ಮುಟ್ಟಿಸಬೇಕು. ಆರು ಗುಳಿಗಳವರೆಗೆ ದಾರಿ ಸುಗಮ. ಏಳನೆಯ ಗುಳಿಗೆ ಬಿದ್ದ ಬೀಜ ಮೇಲೇಳುವಂತಿಲ್ಲ; ಅದು ಆಟದ ನಿಯಮ. ಅದನ್ನು ದಾಟುವ ದಾರಿ ಒಂದೇ ಇತ್ತು. ಆ ದಾರಿಯನ್ನು ಏಳನೆಯ ಗುಳಿಯ ಮುಂದೆ ನಿಂತು ಹುಡುಕಿದರೆ ಸಿಗುತ್ತಿರಲಿಲ್ಲ. ಮೊದಲ ಗುಳಿಯಲ್ಲಿ ಮೊದಲ ಬೀಜ ಹಾಕುವಾಗಲೇ ಯೋಚಿಸಿರಬೇಕಿತ್ತು.

ಆ ಮಣೆಯನ್ನು ಕೊಂಡವರು ಕೆಲವರೇ. ಕೊಂಡವರ ಮನೆಯಲ್ಲಿ ಅದು ವರ್ಷಗಟ್ಟಲೆ ಇರುತ್ತಿತ್ತು. ಸೋತವರು ಬಡಗಿಯನ್ನು ಬೈದು ಮಣೆಯನ್ನು ಅಟ್ಟಕ್ಕೆ ಹಾಕುತ್ತಿದ್ದರು. ಎಂಟು ದಿನವಾದ ಮೇಲೆ ತಾವೇ ಏಣಿ ಹತ್ತಿ ಕೆಳಗೆ ಇಳಿಸುತ್ತಿದ್ದರು. ಮನೆಯಲ್ಲಿ ಇದ್ದದ್ದು ಅದೊಂದೇ ಮಣೆ.

ಆ ಊರಿಗೆ ಒಬ್ಬ ವರ್ತಕ ಬಂದ. ದೊಡ್ಡದೊಂದು ಹಜಾರ ಕಟ್ಟಿಸಿದ. ನೂರು ಬಗೆಯ ಮಣೆಗಳನ್ನು ತರಿಸಿ ಇಟ್ಟ. ತಿಂಗಳಿಗೆ ಒಂದು ಸೇರು ಜೋಳ ಕೊಟ್ಟವರು ಯಾವ ಮಣೆಯನ್ನಾದರೂ ಎಷ್ಟು ಹೊತ್ತಾದರೂ ಆಡಬಹುದು ಎಂದು ಸಾರಿದ. ವರ್ತಕ ಮೋಸಗಾರನಲ್ಲ. ಹಜಾರ ಸ್ವಚ್ಛವಾಗಿತ್ತು. ಕುಡಿಯಲು ತಣ್ಣೀರು ಇತ್ತು. ಮಣೆ ಕೊಳ್ಳುವ ಶಕ್ತಿಯಿಲ್ಲದವರೂ ಒಳಗೆ ಬಂದು ಸಂಕೋಚವಿಲ್ಲದೆ ಕುಳಿತರು. ಬಡಗಿಯ ಮಣೆಯನ್ನೂ ವರ್ತಕ ತೆಗೆದುಕೊಂಡ; ಪ್ರತಿ ವರ್ಷವೂ ಕೊಡುತ್ತೇನೆಂದು ಹೇಳಿ, ಒಂದು ವರ್ಷಕ್ಕೆ ಸಾಲುವಷ್ಟು ಜೋಳ ಅಳೆದು ಕೊಟ್ಟ. ತನ್ನ ಮನೆಯ ಕಣಜ ತುಂಬಿದ್ದನ್ನು ಬಡಗಿಯ ಹೆಂಡತಿ ಅಂದು ಮೊದಲ ಬಾರಿಗೆ ನೋಡಿದಳು. ನೋಡಿ, ಎರಡು ಸಲ ಮುಟ್ಟಿದಳು.

ಹಜಾರದಲ್ಲಿ ಪ್ರತಿ ಮಣೆಯ ಪಕ್ಕದಲ್ಲೂ ಒಂದು ಗಡಿಗೆ ಇತ್ತು. ಯಾರಾದರೂ ಆಟವನ್ನು ನಡುವೆ ಬಿಟ್ಟು ಎದ್ದರೆ ವರ್ತಕನ ಆಳು ಆ ಮಣೆಯ ಗಡಿಗೆಗೆ ಒಂದು ಹರಳು ಹಾಕುತ್ತಿದ್ದ. ಯಾವ ಮಣೆ ಜನರಿಗೆ ಬೇಸರ ತರಿಸುತ್ತದೆ ಎಂದು ತಿಳಿಯಲು ವರ್ತಕ ಮಾಡಿಕೊಂಡ ಏರ್ಪಾಡು ಅದು.

ಒಂದು ತಿಂಗಳ ನಂತರ ವರ್ತಕ ಬಡಗಿಯನ್ನು ಕರೆಸಿ ಗಡಿಗೆಯನ್ನು ತೋರಿಸಿದ. ಅದು ಬಾಯಿಮಟ್ಟ ತುಂಬಿತ್ತು.

“ಏಳನೆಯ ಗುಳಿಗೆ ಬರುತ್ತಾರೆ, ಎದ್ದು ಪಕ್ಕದ ಮಣೆಗೆ ಹೋಗುತ್ತಾರೆ. ಜನ ಇಲ್ಲಿಗೆ ಬರುವುದು ಸಂತೋಷಕ್ಕೆ ಮಾರಾಯ, ಪರೀಕ್ಷೆಗೆ ಅಲ್ಲ.”

“ಏಳನೆಯ ಗುಳಿಯೇ ಆಟ ಸ್ವಾಮಿ. ಮೊದಲ ಆರು ಅದಕ್ಕೆ ಸಿದ್ಧತೆ.”

“ಸಿದ್ಧತೆಯಲ್ಲೇ ಖುಷಿಯಾಗಿದ್ದಾರಲ್ಲ. ಅದೊಂದನ್ನು ಮುಚ್ಚಿಬಿಡು. ಮಣೆಯನ್ನು ಬಾಗಿಲ ಎದುರಿಗೇ ಇಡಿಸುತ್ತೇನೆ.”

ಬಡಗಿ ಮನೆಗೆ ಹೋಗಿ ಮೂರು ದಿನ ಯೋಚಿಸಿದ. ಮೂರು ದಿನವೂ ಗಡಿಗೆಯೇ ಅವನ ಕಣ್ಣ ಮುಂದೆ ಇತ್ತು. ಅಷ್ಟು ಹರಳು ಸುಳ್ಳು ಹೇಳಲಾರವು ಎಂದುಕೊಂಡ. ಹಲಸಿನ ಮರದ ಒಂದು ಬಿಲ್ಲೆ ಕತ್ತರಿಸಿಕೊಂಡು ಹಜಾರಕ್ಕೆ ಬಂದ. ಗುಳಿಯ ಅಳತೆ ತೆಗೆಯಲು ಬೆರಳು ಆಡಿಸಿದ. ಏಳನೆಯ ಗುಳಿಯ ಅಂಚು ಉಳಿದ ಗುಳಿಗಳ ಅಂಚಿಗಿಂತ ನುಣುಪಾಗಿತ್ತು. ಹಲಸು ಒಳ್ಳೆಯ ಮರ ಎಂದು ಮನಸ್ಸಿನಲ್ಲೇ ಹೊಗಳಿದ. ಬಡಗಿ ತಾನೇ, ಅವನಿಗೆ ಮರ ಕಂಡಿತು; ಅದನ್ನು ನುಣುಪು ಮಾಡಿದ ಬೆರಳುಗಳು ಕಾಣಲಿಲ್ಲ. ಬಿಲ್ಲೆಯನ್ನು ಕೂರಿಸಿ, ಮೇಲೆ ಅರಗು ಉಜ್ಜಿ, ಗುಳಿ ಇದ್ದ ಗುರುತೂ ಉಳಿಯದಂತೆ ಮಾಡಿದ. ಅವನ ಕೈಕೆಲಸದಲ್ಲಿ ದೋಷ ಹುಡುಕಲು ಸಾಧ್ಯವಿರಲಿಲ್ಲ.

ಮಣೆ ಬಾಗಿಲ ಎದುರಿಗೆ ಬಂತು. ಬಂದವರೆಲ್ಲ ಒಂದೇ ಸಲಕ್ಕೆ ಗೆದ್ದರು. ಗಡಿಗೆಗೆ ಹರಳು ಬೀಳುವುದು ನಿಂತಿತು. ಗೆದ್ದು ಎದ್ದವರು ಮತ್ತೆ ಆ ಮಣೆಗೆ ಬರಲಿಲ್ಲ. ಅದಕ್ಕೆ ಹರಳು ಹಾಕುವ ಪದ್ಧತಿ ಇರಲಿಲ್ಲ.

ನಾಲ್ಕನೆಯ ದಿನ ಬಡಗಿಯ ಮನೆಗೆ ಬುಟ್ಟಿ ಹೆಣೆಯುವ ಹೆಂಗಸೊಬ್ಬಳು ಬಂದಳು. ಬಾಗಿಲಲ್ಲೇ ನಿಂತಳು.

“ಅಣ್ಣಾ, ಆ ಮಣೆ ಕೆತ್ತಿದವನು ನೀನೇ ಏನು? ನನ್ನ ಗುಳಿ ಎಲ್ಲಿ ಹೋಯಿತು?”

“ಕಷ್ಟವಾಗುತ್ತಿತ್ತಲ್ಲ ತಾಯಿ, ಅದಕ್ಕೆ ಮುಚ್ಚಿದೆ. ಈಗ ಸಲೀಸಾಗಿ ಗೆಲ್ಲಬಹುದು.”

“ಗೆದ್ದೆ. ನಿನ್ನೆ ಸಂಜೆ ಕೊನೆಯ ಗುಳಿಗೆ ಮುಟ್ಟಿಸಿದೆ. ಮನೆಗೆ ಹೋದ ಮೇಲೆ ಒಲೆ ಹಚ್ಚುವುದಕ್ಕೂ ಮನಸ್ಸು ಬರಲಿಲ್ಲ.”

“ಗೆದ್ದ ಮೇಲೆ ಬೇಸರವೇಕೆ?”

“ಗೆದ್ದವರು ಯಾರು? ನೀನು ದಾರಿ ಬಿಟ್ಟೆ, ನಾನು ನಡೆದೆ. ಇಪ್ಪತ್ತೆರಡು ದಿನ ಸೋತಿದ್ದೆ ಅಣ್ಣಾ. ಬುಟ್ಟಿ ಹೆಣೆಯುವಾಗ ಬೆರಳು ಬಿದಿರಿನ ಮೇಲೆ ಇದ್ದರೂ ಲಕ್ಷ್ಯ ಆ ಗುಳಿಯ ಮೇಲೆಯೇ ಇತ್ತು. ನಾಲ್ಕನೆಯ ಗುಳಿಯಲ್ಲಿ ಒಂದು ಬೀಜ ಉಳಿಸಿಕೊಳ್ಳಬೇಕು ಎಂದು ಮೊನ್ನೆ ತಾನೇ ಹೊಳೆದಿತ್ತು. ಓಡಿ ಬಂದು ನೋಡಿದರೆ ಗುಳಿಯೇ ಇಲ್ಲ! ಬೇರೆಯವರ ಹಲ್ಲಿಗೆ ಗಟ್ಟಿಯಾಯಿತೆಂದು ನನ್ನ ಚಕ್ಕುಲಿಯನ್ನು ನೀರಿನಲ್ಲಿ ನೆನೆಸಿದೆಯಲ್ಲ, ನಿನಗೇನು ಹೇಳಲಿ?”

ಬಡಗಿ ಒಳಗೆ ತಿರುಗಿ ನೋಡಿದ. ಹೇಳಿದ: “ಮುಚ್ಚದ ಮಣೆ ಒಂದು ನನ್ನಲ್ಲಿ ಇದೆ. ಕೊಳ್ಳುತ್ತೀಯಾ?”

“ಕೊಳ್ಳುವ ಶಕ್ತಿ ಇದ್ದಿದ್ದರೆ ಹಜಾರಕ್ಕೇಕೆ ಹೋಗುತ್ತಿದ್ದೆ? ಆ ಹಜಾರ ಇರದಿದ್ದರೆ ನಿನ್ನ ಆಟ ನನ್ನ ಕಣ್ಣಿಗೇ ಬೀಳುತ್ತಿರಲಿಲ್ಲ.”

“ಸುಮ್ಮನೆ ತೆಗೆದುಕೊಂಡು ಹೋಗು ತಾಯಿ.”

“ನನ್ನ ಗುಡಿಸಲಲ್ಲಿ ಬುಟ್ಟಿಗೇ ಜಾಗವಿಲ್ಲ. ಮೇಲಾಗಿ ನಾನು ಮಣೆ ಕೇಳಲು ಬರಲಿಲ್ಲ. ಗುಳಿ ಕೇಳಲು ಬಂದೆ.”

ಅವಳು ಹೋದಳು. ಬಡಗಿ ಉಳಿ, ಕೊಡತಿ ತೆಗೆದುಕೊಂಡು ಹಜಾರಕ್ಕೆ ಹೊರಟ. ವರ್ತಕ ಬಾಗಿಲಲ್ಲಿ ಎದುರಾದ. ವಿಷಯವನ್ನು ಪೂರ್ತಿ ಕೇಳಿದ. ಸಿಟ್ಟು ಮಾಡಲಿಲ್ಲ.

“ಮಣೆ ನಿನ್ನದು, ಬೇಕಾದರೆ ತೆರೆ. ಆದರೆ ಬಾಗಿಲ ಎದುರು ಅದಕ್ಕೆ ಜಾಗವಿಲ್ಲ. ಹಿಂದಿನ ಮೂಲೆಗೆ ಹೋಗುತ್ತದೆ. ಬರುವ ವರ್ಷದ ಜೋಳ ಅರ್ಧ. ನನ್ನ ಮೇಲೆ ಮುನಿಸು ಬೇಡ.”

“ಮುನಿಸಿಲ್ಲ ಸ್ವಾಮಿ. ಆ ಮೂಲೆಗೆ ಕಿಟಕಿ ಇದೆಯೇ?”

“ಸಣ್ಣದೊಂದು ಇದೆ.”

“ಸಾಕು.”

ಬಡಗಿ ಬಿಲ್ಲೆಯನ್ನು ಕಿತ್ತ. ಅದು ಸುಲಭವಾಗಿ ಬರಲಿಲ್ಲ. ಅವನೇ ಅಷ್ಟು ಚೆನ್ನಾಗಿ ಕೂರಿಸಿದ್ದ. ಅಂಚಿಗೆ ಪೆಟ್ಟಾಗದಂತೆ ತೆಗೆಯಲು ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು.

ಮನೆಯಲ್ಲಿ ಹೆಂಡತಿ ಕಣಜದ ಕಡೆ ನೋಡಿದಳು, ಗಂಡನ ಕಡೆ ನೋಡಿದಳು. “ಇಲಿ ಬಿದ್ದಿದ್ದರೂ ಇಷ್ಟು ಹೋಗುತ್ತಿರಲಿಲ್ಲ,” ಎಂದಳು. ಮರುದಿನ ಉಳಿದ ತುಂಡು ಮರಗಳನ್ನು ಅವಳೇ ಆರಿಸಿ ಅವನ ಮುಂದೆ ಹಾಕಿದಳು. “ಈಗಿನಿಂದಲೇ ಲಟ್ಟಣಿಗೆ ಮಾಡು. ಸಂತೆಯಲ್ಲಿ ನಾನು ಮಾರುತ್ತೇನೆ. ಅದಕ್ಕೆ ಮಾತ್ರ ಗುಳಿ ತೋಡಬೇಡ,” ಎಂದಳು. ಬಡಗಿ ಲಟ್ಟಣಿಗೆ ಮಾಡಿದ. ಆ ವರ್ಷ ಅವನಿಗೆ ಹೊಸ ಮಣೆ ಕೆತ್ತಲು ಆಗಲಿಲ್ಲ. ಮನಸ್ಸಿನಲ್ಲಿ ಒಂದು ಮಣೆ ಸಿದ್ಧವಾಗಿತ್ತು. ಅದು ಮನಸ್ಸಿನಲ್ಲೇ ಉಳಿಯಿತು.

ಹಿಂದಿನ ಮೂಲೆಯ ಗಡಿಗೆ ಮತ್ತೆ ತುಂಬತೊಡಗಿತು.

ಒಂದು ಸಂಜೆ ಬಡಗಿ ಹಜಾರದೊಳಗೆ ಇಣುಕಿದ. ಬುಟ್ಟಿ ಹೆಣೆಯುವವಳು ಕಿಟಕಿಯ ಬಳಿ ಕುಳಿತಿದ್ದಳು. ನಾಲ್ಕನೆಯ ಗುಳಿಯಲ್ಲಿ ಒಂದು ಬೀಜ ಉಳಿಸಿಕೊಂಡಿದ್ದಳು. ಅವನು ಬಾಗಿಲಲ್ಲೇ ನಿಂತ. ಅವಳ ಕೈ ಏಳನೆಯ ಗುಳಿಯ ಮೇಲೆ ಬಂತು, ತಡೆಯಿತು, ದಾಟಿತು. ಎಂಟು, ಒಂಬತ್ತು, ಹತ್ತು. ಕೊನೆಯ ಗುಳಿ ತುಂಬಿತು. ಅವಳು ಕೂಗಲಿಲ್ಲ. ಸುತ್ತ ನೋಡಲಿಲ್ಲ. ಬೀಜಗಳನ್ನು ಬೊಗಸೆಯಲ್ಲಿ ತುಂಬಿಕೊಂಡು ಸ್ವಲ್ಪ ಹೊತ್ತು ಹಾಗೆಯೇ ಕುಳಿತಳು. ಆಮೇಲೆ ಅವನ್ನು ಮೊದಲ ಗುಳಿಯಿಂದ ಮತ್ತೆ ಹಂಚತೊಡಗಿದಳು.

ಬಡಗಿ ಸದ್ದಿಲ್ಲದೆ ಹಿಂದಿರುಗಿದ. ಸಂತೆಗೆ ಇನ್ನೂ ಆರು ಲಟ್ಟಣಿಗೆ ಆಗಬೇಕಿತ್ತು.

ಗುರುಗಳು ಕತೆ ನಿಲ್ಲಿಸಿದರು. ರೇವಣ ಬೆಲ್ಲದ ಚೂರನ್ನು ಬಾಯಿಗೆ ಹಾಕದೆ ಕೈಯಲ್ಲೇ ಹಿಡಿದುಕೊಂಡಿದ್ದ. “ಪಾಪ, ಬಡಗಿ,” ಎಂದ.

“ಪಾಪ ಎನ್ನಬೇಡ. ಅವನು ತಪ್ಪನ್ನು ತಾನೇ ಮಾಡಿದ, ತಾನೇ ತಿದ್ದಿದ. ಬೆಲ್ಲ ತಿನ್ನು, ಕೈಗೆ ಅಂಟುತ್ತದೆ.”

ಮಧುಮತಿ ಖಾಲಿ ಲೋಟವನ್ನು ಕೆಳಗಿಟ್ಟಳು. ಅವಳ ಧ್ವನಿ ಸಣ್ಣದಾಗಿತ್ತು.

“ಗುರುಗಳೇ, ಬಡಗಿಗೆ ಇದ್ದದ್ದು ಅವನ ಮನೆ ಒಂದೇ. ನನ್ನನ್ನು ನಂಬಿ ಇಬ್ಬರು ಇದ್ದಾರೆ. ಅವರಲ್ಲಿ ಒಬ್ಬರಿಗೆ ‘ನಾಳೆಯಿಂದ ಬರಬೇಡಿ’ ಎಂದು ಯಾವ ಬಾಯಿಂದ ಹೇಳಲಿ? ಇದೆಲ್ಲವೂ ಒಬ್ಬಳಿಗಾಗಿ ಎಂದು ಹೇಳಲೇ?”

ಗುರುಗಳು ಅವಳ ಲೋಟಕ್ಕೆ ಮತ್ತೆ ನೀರು ತುಂಬಿದರು. ಹಿಂದೆ ಅವಳ ಲೆಕ್ಕ ತಪ್ಪಿದಾಗ ತಿದ್ದುತ್ತಿದ್ದ ಅದೇ ಧ್ವನಿಯಲ್ಲಿ, ಅವಸರವಿಲ್ಲದೆ ಹೇಳಿದರು:

“ಬಂದು ಕೇಳಿದವಳು ಒಬ್ಬಳು ಎಂದೆ, ಮಗು, ಆ ಗುಳಿಯ ಮುಂದೆ ಕುಳಿತಿದ್ದವಳು ಒಬ್ಬಳೇ ಎಂದು ನಾನು ಹೇಳಲಿಲ್ಲ.”